ಸ್ಟೋರ್ ರೂಮಿನ ಕೀಲಿ ಯಾರ ಹತ್ರ ಇದೆ?

ನಮ್ಮ ಕಾಲೇಜಿನಲ್ಲಿ ಈ ವರ್ಷವೂ ಜೀವನ ಕೌಶಲ್ಯದ ಕಾರ್ಯಾಗಾರ ನಡೆಯಿತು. ಸೆಮಿನಾರ್ ಹಾಲ್ ತುಂಬಿತ್ತು. ಬಂದಿದ್ದ ಸಂಪನ್ಮೂಲ ವ್ಯಕ್ತಿ ಚೆನ್ನಾಗಿಯೇ ಮಾತಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಕೌಶಲ್ಯಗಳ ಸ್ಲೈಡ್ ಬಂತು. ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಒತ್ತಡ ನಿಭಾಯಿಸುವುದು, ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳುವುದು, ಹೀಗೆ. ಮಕ್ಕಳು ಬರೆದುಕೊಂಡರು. ಆಮೇಲೆ ವಂದನಾರ್ಪಣೆ, ಸರ್ಟಿಫಿಕೇಟ್, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನವರ ಫೈಲಿಗೆ ಬೇಕಾದ, ಜಾಗದ ಗುರುತಿರುವ ಜಿಯೋಟ್ಯಾಗ್ ಫೋಟೋ. ಮಾರನೇ ದಿನ ಎರಡನೇ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. "ಸಾರ್, ಸ್ಕಾಲರ್‌ಶಿಪ್ ಬಂದಿಲ್ಲ. ಸೈಟಲ್ಲಿ ನೋಡಿದ್ರೆ ದುಡ್ಡು ಹೋಗಿದೆ ಅಂತಿದೆ. ಬ್ಯಾಂಕಲ್ಲಿ ಕೇಳಿದ್ರೆ ಬಂದೇ ಇಲ್ಲ ಅಂತಾರೆ. ಯಾರನ್ನ ಕೇಳ್ಬೇಕು ಸಾರ್?"

ಸ್ಕಾಲರ್‌ಶಿಪ್ ಕೆಲಸ ನೋಡಿಕೊಂಡವರಿಗೆಲ್ಲ ಈ ಪ್ರಶ್ನೆ ಗೊತ್ತು. ಮಕ್ಕಳು ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಸೈಟಿನಲ್ಲಿ, ಅರ್ಜಿ ಹಾಕುತ್ತಾರೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕುತ್ತಾರೆ. ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದೇವಲ್ಲ, ದುಡ್ಡು ಆ ಅಕೌಂಟಿಗೇ ಬರುತ್ತೆ ಅಂದುಕೊಳ್ಳುತ್ತಾರೆ. ಆದರೆ ಆಧಾರ್ ಆಧಾರದ ಮೇಲೆ ಕಳಿಸುವ ದುಡ್ಡು ಪಾಸ್‌ಬುಕ್ ನೋಡಿ ಹೋಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ನಂಬರಿಗೆ ಕೊನೆಗೆ ಯಾವ ಬ್ಯಾಂಕ್ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಈ ಹುಡುಗಿ ಒಂದು ಸಲ ಹೊಸ ಸಿಮ್ ತಗೊಳ್ಳುವಾಗ ಅಂಗಡಿಯವನು ಹೇಳಿದನೆಂದು ಇನ್ನೊಂದು ಸಲ ಬೆರಳೊತ್ತಿದ್ದಳು. ಅದರಿಂದ ಅವಳ ಹೆಸರಲ್ಲಿ ಇನ್ನೊಂದು ಬ್ಯಾಂಕ್ ಅಕೌಂಟ್ ಹುಟ್ಟಿ, ಆಧಾರ್ ಅದಕ್ಕೆ ಸೇರಿಕೊಂಡಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ದುಡ್ಡು ಅಲ್ಲಿ ಹೋಗಿ ಕೂತಿತ್ತು.

ನಾನೇ ಫೋನ್ ಮಾಡಿ ಸರಿ ಮಾಡಿಸಬಹುದಿತ್ತು. ಮಾಡಲಿಲ್ಲ. ಮೈ ಆಧಾರ್ ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಸೇರಿದೆ ಅನ್ನುವುದನ್ನು, ನೋಡುವುದು ಹೇಗೆ ಅಂತ ತೋರಿಸಿದೆ. ಯಾವ ಬ್ಯಾಂಕಿನ ಹೆಸರು ಬರುತ್ತದೋ ಬರೆದುಕೋ, ಆ ದುಡ್ಡು ಮೊದಲು ತೆಗಿ, ಆಮೇಲೆ ನಿನಗೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ಕೊಡು, ಸ್ವೀಕೃತಿ ಕೇಳಿ ತಗೋ ಅಂದೆ. ಅವಳು ಹೋದಳು. ಒಂದು ಕೌಂಟರಿನಿಂದ ಇನ್ನೊಂದಕ್ಕೆ ಕಳಿಸಿದರು. ಊಟದ ಹೊತ್ತು ಅಂದರು. ಮತ್ತೆ ಹೋದಳು. ಕೊನೆಗೆ ಸೀಲು ಬಿದ್ದ ಪ್ರತಿ ತಂದು ನನ್ನ ಮೇಜಿನ ಮೇಲಿಟ್ಟಳು. ನಿರ್ಧಾರ, ಒತ್ತಡ, ಸಂವಹನ, ಸಮಸ್ಯೆ ಬಿಡಿಸುವುದು ಎಲ್ಲ ಅದರಲ್ಲೇ ಇತ್ತು ಅಲ್ವಾ?

ಅಂದಿನಿಂದ ಒಂದು ಯೋಚನೆ ತಲೆಯಲ್ಲಿ ಕೊರೆಯುತ್ತಿದೆ. ಕ್ಯಾಂಪಸ್ಸಿನಲ್ಲಿ ಬದುಕು ಕಲಿಸುವ ಜಾಗಗಳು ಮೊದಲಿನಿಂದಲೂ ಇದ್ದವು. ಅವನ್ನು ಒಂದೊಂದಾಗಿ ಮಕ್ಕಳ ಕೈಯಿಂದ ಕಿತ್ತುಕೊಂಡಿದ್ದೇವೆ. ಆಮೇಲೆ ಅದೇ ವಿಷಯಕ್ಕೆ ಕಾರ್ಯಾಗಾರ ಮಾಡುತ್ತಿದ್ದೇವೆ.

ಡಿವೈಡಿಂಗ್ ಮೆಸ್

ನಾನು ಎಂ.ಎ. ಓದುವಾಗ ನಮ್ಮ ಹಾಸ್ಟೆಲ್ಲಿನಲ್ಲಿ ಡಿವೈಡಿಂಗ್ ಮೆಸ್ ಇತ್ತು, ಅಂದರೆ ತಿಂಗಳ ಖರ್ಚನ್ನು ಉಂಡವರೇ ಹಂಚಿಕೊಳ್ಳುವ ಮೆಸ್. ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಲೆಕ್ಕ ಒಮ್ಮೆ ನೋಡಿ. ತಿಂಗಳ ದಿನಸಿ, ತರಕಾರಿ, ಹಾಲು, ಗ್ಯಾಸು, ಭಟ್ಟರ ಸಂಬಳ ಎಲ್ಲ ಸೇರಿ 2,16,000 ರೂಪಾಯಿ ಆಯಿತು ಅಂದುಕೊಳ್ಳಿ. 90 ಜನ ಇದ್ದಾರೆ. 30 ದಿನಕ್ಕೆ 2,700 ಊಟದ ದಿನ ಆಗಬೇಕು. ಊರಿಗೆ ಹೋದವರ ಮೆಸ್ ಕಟ್ 300 ದಿನ ಕಳೆದರೆ 2,400. ಭಾಗಿಸಿದರೆ ದಿನಕ್ಕೆ 90 ರೂಪಾಯಿ. ತಿಂಗಳು ಪೂರ್ತಿ ಉಂಡವನಿಗೆ 2,700, ಹತ್ತು ದಿನ ಇಲ್ಲದವನಿಗೆ 1,800. ಇಷ್ಟೇ. ಆದರೆ ಇದರೊಳಗೆ ಎಷ್ಟು ಜಗಳ ಅಡಗಿದೆ ನೋಡಿ. ಮೆಸ್ ಕಟ್ ಹಿಂದಿನ ದಿನ ಸಂಜೆಯೊಳಗೆ ಬರೆಯಬೇಕಾ, ಬೆಳಿಗ್ಗೆ ಬರೆದರೂ ನಡೆಯುತ್ತಾ? ಒಂದೇ ಹೊತ್ತು ಬಿಟ್ಟವನಿಗೆ ಕಟ್ ಇದೆಯಾ? ರೂಮಿಗೆ ಬಂದ ನೆಂಟನ ಊಟ ಯಾರ ಲೆಕ್ಕ? ಕಟ್ ಜಾಸ್ತಿ ಆದರೆ ಉಳಿದವರ ದಿನದ ರೇಟು ಏರುತ್ತದೆ, ಯಾಕೆಂದರೆ ಭಟ್ಟರ ಸಂಬಳ ಯಾರು ಊರಿಗೆ ಹೋದರೂ ಇಳಿಯುವುದಿಲ್ಲ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಅಂತ ಕಾಮರ್ಸ್ ಕ್ಲಾಸಿನಲ್ಲಿ ಹೇಳುತ್ತೇವಲ್ಲ, ಅದನ್ನು ಕನ್ನಡ ಎಂ.ಎ. ಓದುತ್ತಿದ್ದ ನನಗೆ ಅರ್ಥ ಮಾಡಿಸಿದ್ದು ಮೆಸ್ ಬಿಲ್ಲು.

ಲೆಕ್ಕ ಬರೆಯಲು, ಸಾಮಾನು ತರಲು ಕಮಿಟಿ ಇರುತ್ತಿತ್ತು. ಸ್ಟೋರ್ ರೂಮಿನ ಕೀಲಿ ಮೆಸ್ ಸೆಕ್ರೆಟರಿ ಹತ್ತಿರ. ಬೆಳಿಗ್ಗೆ ಭಟ್ಟರು ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಹೇಳುತ್ತಾರೆ, ಸೆಕ್ರೆಟರಿ ತೂಗಿ ಕೊಡುತ್ತಾನೆ, ಸ್ಟಾಕ್ ಪುಸ್ತಕದಲ್ಲಿ ಬರೆಯುತ್ತಾನೆ. ತಿಂಗಳ ಕೊನೆಗೆ ಪುಸ್ತಕದಲ್ಲಿರುವ ತೊಗರಿಬೇಳೆಗೂ ಡಬ್ಬದಲ್ಲಿರುವ ತೊಗರಿಬೇಳೆಗೂ ತಾಳೆಯಾಗಬೇಕು. ಆಗದಿದ್ದರೆ 90 ಜನರ ಮುಂದೆ ನಿಂತು ಉತ್ತರ ಹೇಳಬೇಕು.

ತರಕಾರಿಗೆ ಎಪಿಎಂಸಿಗೆ ಹೋಗುವುದು ಬೆಳಕು ಹರಿಯುವ ಮುಂಚೆ. ನಮ್ಮ ಜೊತೆ ದೊಡ್ಡ ಭಟ್ಟರು ಬರುತ್ತಿದ್ದರು. ಅವರು ಎಲ್ಲೂ ಬೋಧನೆ ಮಾಡಿದವರಲ್ಲ, ಕೈಯಲ್ಲೇ ತೋರಿಸುತ್ತಿದ್ದರು. ಟೊಮೆಟೊ ಕ್ರೇಟಿನ ಮೇಲಿನ ಹಣ್ಣು ನೋಡಬೇಡಿ, ಕೈ ಹಾಕಿ ಅಡಿಯಿಂದ ಎರಡು ಎತ್ತಿ ಅನ್ನುವರು. ಹುರುಳಿಕಾಯಿ ಮುರಿದರೆ ಟಕ್ ಅನ್ನಬೇಕು. ಬಗ್ಗಿದರೆ ನಿನ್ನೆಯದು. ಈರುಳ್ಳಿಯ ಕುತ್ತಿಗೆ ಒತ್ತಿ ನೋಡಿ, ಮೆತ್ತಗಿದ್ದರೆ ವಾರ ನಿಲ್ಲಲ್ಲ. ಅಕ್ಕಿ ಹಳೇದು ತಗೊಳ್ಳಿ, ಅನ್ನ ಹೆಚ್ಚು ಒದಗುತ್ತೆ, ಕೆಜಿಗೆ ಎರಡು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಒಂದು ಸಲ ನಮ್ಮ ಸೆಕ್ರೆಟರಿ ಚೌಕಾಸಿ ಮಾಡಿ ಕೋಸಿನ ಮೂಟೆಯ ರೇಟು ಚೆನ್ನಾಗಿ ಇಳಿಸಿದ. ಎಲ್ಲರಿಗೂ ಖುಷಿ. ಭಟ್ಟರು ಒಂದು ಕೋಸು ಎತ್ತಿ, ಹೊರಗಿನ ಎಲೆ ನಾಲ್ಕು ಬಿಡಿಸಿ ಕೆಳಗೆ ಹಾಕಿದರು. ಉಳಿದದ್ದನ್ನು ಸೆಕ್ರೆಟರಿ ಕೈಗಿಟ್ಟು, "ಈಗ ಎಷ್ಟಾಯ್ತು ಹೇಳಪ್ಪ ರೇಟು" ಅಂದರು. ಅವನು ಅಲ್ಲೇ ನಿಂತು ಲೆಕ್ಕ ಹಾಕಿದ. ಪಕ್ಕದ ಅಂಗಡಿಯ ದುಬಾರಿ ಕೋಸೇ ಅಗ್ಗವಾಗಿತ್ತು.

ಇನ್ನು ಮೆಸ್ ಮೀಟಿಂಗು. ನಮ್ಮಲ್ಲಿ ಮಂಡ್ಯ, ಹಾಸನದ ಕಡೆಯವರು ಒಂದು ಗುಂಪು, ರಾಯಚೂರು, ಕಲಬುರಗಿ ಕಡೆಯವರು ಇನ್ನೊಂದು. ಇವರಿಗೆ ಮುದ್ದೆ ಬೇಕು, ಅವರಿಗೆ ಜೋಳದ ರೊಟ್ಟಿ ಬೇಕು. ನಮ್ಮ ಭಟ್ಟರಿಗೆ ರೊಟ್ಟಿ ತಟ್ಟಲು ಬರುವುದಿಲ್ಲ. ಊಟದ ಹಾಲಿನಲ್ಲಿ ರಾತ್ರಿ ಹತ್ತು ಗಂಟೆ ದಾಟಿದರೂ ಗಲಾಟೆ ನಿಲ್ಲಲಿಲ್ಲ. ಆಗ ರಾಯಚೂರು ಕಡೆಯ ಒಬ್ಬ ಹುಡುಗ ಎದ್ದು ನಿಂತ. ಅವನು ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. "ನಮ್ಗ ದಿನಾ ಬ್ಯಾಡ್ರೀ. ವಾರಕ್ಕ ಎರಡು ದಿನ ಸಾಕು. ಪ್ಯಾಟ್ಯಾಗ ಒಬ್ಬಾಕಿ ಖಡಕ್ ರೊಟ್ಟಿ ಮಾಡಿ ಮಾರ್ತಾಳ. ನಾ ಕೇಳಿಕೊಂಡು ಬಂದೀನಿ. ಮುದ್ದಿ ದಿನದ ಖರ್ಚಿಗೂ ರೊಟ್ಟಿ ದಿನದ ಖರ್ಚಿಗೂ ಭಾಳ ಫರಕ್ ಬರಂಗಿಲ್ಲ, ನೋಡ್ರಿ" ಅಂತ ಒಂದು ಹಾಳೆ ಮುಂದಿಟ್ಟ. ಅದರಲ್ಲಿ ಲೆಕ್ಕ ಇತ್ತು. ಗಲಾಟೆ ನಿಂತಿತು. ಒಂದು ತಿಂಗಳು ನೋಡೋಣ ಅಂತ ತೀರ್ಮಾನ ಆಯಿತು. ಮಂಡ್ಯದ ಹುಡುಗರು ಎರಡನೇ ವಾರಕ್ಕೇ ರೊಟ್ಟಿ ಜೊತೆ ಶೇಂಗಾ ಚಟ್ನಿಪುಡಿ ಕೇಳತೊಡಗಿದ್ದರು.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1980ರ ದಶಕದ ಕೊನೆಯಲ್ಲೇ ನಿಂತುಹೋಯಿತು. ಈಗ ಎಷ್ಟೋ ಕಡೆ ಮಾರ್ಕ್ಸ್ ನೋಡಿ ಕ್ಲಾಸ್ ಲೀಡರ್ ಮಾಡುತ್ತಾರೆ. ನನ್ನ ಮಟ್ಟಿಗೆ ಮತ ಹಾಕುವುದು, ಸೋಲುವುದು, ಸೋತ ಮೇಲೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಎಲ್ಲ ಕಲಿಸಿದ್ದು ಆ ಮೀಟಿಂಗುಗಳೇ. ಈಗ ಹೆಚ್ಚಿನ ಕಡೆ ಮೆಸ್ ಕಾಂಟ್ರಾಕ್ಟಿಗೆ ಹೋಗಿದೆ. ಮಕ್ಕಳು ತಟ್ಟೆ ಹಿಡಿದು ನಿಲ್ಲುತ್ತಾರೆ. ಸಾರು ಚೆನ್ನಾಗಿಲ್ಲದಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕುತ್ತಾರೆ. ಬೇಳೆ ಕೆಜಿಗೆ ಎಷ್ಟು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಲು ನಾವು ದಾರಿಯನ್ನೂ ಬಿಟ್ಟಿಲ್ಲ.

ನನ್ನ ಹೆಂಡತಿ ಅದೇ ಕ್ಯಾಂಪಸ್ಸಿನ ಲೇಡೀಸ್ ಹಾಸ್ಟೆಲ್ಲಿನಲ್ಲಿ ಇದ್ದವಳು. ಅವರಿಗೆ ಆಗಲೇ ಈ ಅವಕಾಶ ಇರಲಿಲ್ಲ. ಬೆಳಗಿನ ಜಾವ ಹುಡುಗಿಯರನ್ನು ಮಾರ್ಕೆಟ್ಟಿಗೆ ಕಳಿಸುವುದು ಹೇಗೆ ಅಂತ ಸಾಮಾನು ಗೇಟಿಗೇ ಬರುತ್ತಿತ್ತು. ಕಮಿಟಿ ಅಂತ ಹೆಸರಿಗಿತ್ತು. ಅವರ ಕೆಲಸ ದೂರು ಬರೆದು ವಾರ್ಡನ್‌ಗೆ ಕೊಡುವುದು. "ನೀವು ಸಂಸಾರ ಮಾಡೋದನ್ನ ಅಲ್ಲೇ ಕಲಿತ್ರಿ, ನಾವು ಮದುವೆ ಆದ್ಮೇಲೆ ಒಬ್ಬೊಬ್ರೇ ಕಲಿಬೇಕಾಯ್ತು" ಅಂತ ಅವಳು ಈಗಲೂ ಹೇಳುತ್ತಾಳೆ. ಅವಳ ಮಾತು ಸರಿ. ಹುಡುಗಿಯರಿಗೆ ರಕ್ಷಣೆ ಅಂತ ಹೇಳಿ ನಾವು ತಡೆದದ್ದು ಬರೀ ಹೊರಗೆ ಹೋಗುವುದನ್ನಲ್ಲ. ದುಡ್ಡು ಎಣಿಸುವುದನ್ನು, ಬೆಲೆ ಕೇಳುವುದನ್ನು, ಇಲ್ಲ ಅನ್ನುವುದನ್ನೂ ತಡೆದೆವು.

ಏನೂ ಗೊತ್ತಿಲ್ಲದವರಲ್ಲ

ಈಗಿನ ಹುಡುಗರಿಗೆ ಏನೂ ಬರಲ್ಲ ಅಂತ ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಹೇಳುತ್ತೇವೆ. ನನಗೆ ಈ ಮಾತು ಕೇಳಿದರೆ ಸಂಕಟ ಆಗುತ್ತದೆ. ನನ್ನ ಕ್ಲಾಸಿನಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು ನೋಡಿ, ಆಮೇಲೆ ಬಸ್ ಹತ್ತಿ ಬರುವ ಹುಡುಗ ಇದ್ದಾನೆ. ಅಪ್ಪನ ಜೊತೆ ಲಾರಿಯಲ್ಲಿ ಯಶವಂತಪುರಕ್ಕೆ ಈರುಳ್ಳಿ ಹಾಕಿಕೊಂಡು ಹೋಗಿ ದಲ್ಲಾಳಿ ಹತ್ರ ಮಾತಾಡಿ ಬಂದವನಿದ್ದಾನೆ. ಅಮ್ಮನ ಸ್ವಸಹಾಯ ಸಂಘದ ಪುಸ್ತಕ ಬರೆಯುವ ಹುಡುಗಿಯಂತೂ ಪ್ರತಿ ಕ್ಲಾಸಿನಲ್ಲಿ ಸಿಗುತ್ತಾಳೆ. ಸಾಲ ಯಾರದು, ಬಡ್ಡಿ ಎಷ್ಟು, ಈ ವಾರ ಯಾರು ಕಟ್ಟಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತದೆ. ಇವರೇ ಬ್ಯಾಂಕಿನ ಕೌಂಟರಿನ ಮುಂದೆ, ಯೂನಿವರ್ಸಿಟಿ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಂತಾಗ ಸಣ್ಣವರಾಗಿಬಿಡುತ್ತಾರೆ. ಫಾರಂ ಇಂಗ್ಲಿಷಿನಲ್ಲಿರುತ್ತದೆ, ಕಿಟಕಿಯ ಆಚೆ ಇರುವವರು ತಲೆ ಎತ್ತುವುದಿಲ್ಲ. ಕೆಲಸ ಗೊತ್ತಿರುವವರನ್ನು ಗೊತ್ತಿಲ್ಲದವರಂತೆ ಮಾಡುವುದು ಆ ಕಿಟಕಿ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ 'ಜೀವನ ಕೌಶಲ್' ಅಂತ ಡಿಗ್ರಿ ಮಕ್ಕಳಿಗೆ 8 ಕ್ರೆಡಿಟ್ಟಿನ ಪಠ್ಯ ಕೊಟ್ಟಿತು. ಸಂವಹನ, ರೆಸ್ಯೂಮೆ, ಇಂಟರ್‌ವ್ಯೂ, ನಾಯಕತ್ವ, ಮೌಲ್ಯ ಎಲ್ಲ ಇದೆ. ಬೇಡ ಅನ್ನುವುದಿಲ್ಲ. ಆದರೆ ನಾಯಕತ್ವದ ಪಾಠ ಓದಿ ಪರೀಕ್ಷೆ ಬರೆದ ಹುಡುಗಿಗೆ ಕಾಲೇಜಿನಲ್ಲಿ ಒಂದು ಸಾವಿರ ರೂಪಾಯಿ ಖರ್ಚು ಮಾಡುವ ಅಧಿಕಾರ ಎಲ್ಲೂ ಸಿಗದಿದ್ದರೆ ಆ ಪಾಠ ಎಲ್ಲಿ ನಿಲ್ಲಬೇಕು?

ಏಳು ದಿನದ ಶಿಬಿರ

ಇನ್ನೂ ಉಳಿದಿರುವ ಒಂದು ಜಾಗ ಅಂದರೆ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಇದು ಶುರುವಾಯಿತು. ಶುರು ಮಾಡಿದವರು ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಗೆದ್ದು ಹೋಗಿದ್ದ ಸಂಸದರು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ನಾನು ಕೆಲವು ವರ್ಷ ಕಾರ್ಯಕ್ರಮಾಧಿಕಾರಿ ಆಗಿದ್ದೇನೆ. ಶಿಬಿರ ಹೇಗೆ ಬೇಕಾದರೂ ನಡೆಸಬಹುದು. ಅಡುಗೆಗೆ ಕಾಂಟ್ರಾಕ್ಟರ್, ಬೆಳಿಗ್ಗೆ ಸ್ವಲ್ಪ ಹೊತ್ತು ಪೊರಕೆ ಹಿಡಿದು ಫೋಟೋ, ಮಧ್ಯಾಹ್ನ ಭಾಷಣ, ಸಂಜೆ ಡಾನ್ಸು, ಕೊನೆಗೆ ಸಮಾರೋಪ. ಅಥವಾ ಎಲ್ಲವನ್ನೂ ಶಿಬಿರಾರ್ಥಿಗಳಿಗೇ ಬಿಡಬಹುದು.

ನಾನು ಬಿಟ್ಟೆ. ತಂಡ ಮಾಡಿ ಅಡುಗೆ, ನೀರು, ಶ್ರಮದಾನ, ಸಮೀಕ್ಷೆ, ಸಂಜೆಯ ಕಾರ್ಯಕ್ರಮ ಸರದಿಯಲ್ಲಿ ಹಂಚಿದೆವು. ಅಡುಗೆ ಹುಡುಗಿಯರಿಗೆ, ಗುದ್ದಲಿ ಹುಡುಗರಿಗೆ ಅಂತ ಇಲ್ಲ. ಮೊದಲ ದಿನ ಉಪ್ಪಿಟ್ಟು ಮಾಡಿದ ಹುಡುಗರ ತಂಡ ನೀರು ಕಮ್ಮಿ ಹಾಕಿತ್ತು. ಐವತ್ತು ಜನಕ್ಕೆ ಮಾಡುವಾಗ ಮನೆಯ ಅಳತೆಯನ್ನು ಸುಮ್ನೆ ಗುಣಿಸಿದರೆ ಆಗುವುದಿಲ್ಲ, ದೊಡ್ಡ ಪಾತ್ರೆಯ ಅಡಿ ಬೇಗ ಹಿಡಿಯುತ್ತದೆ, ಉರಿ ಮೊದಲೇ ತಗ್ಗಿಸಬೇಕು. ಶಾಲೆಯ ಬಿಸಿಯೂಟದ ಅಕ್ಕ ಬಂದು ನೋಡಿ, ಬಿಸಿನೀರು ಪಕ್ಕದಲ್ಲೇ ಕಾಯಿಸಿಟ್ಟುಕೊಳ್ಳೋದು ಹೇಳಿಕೊಟ್ಟರು. ಎರಡನೇ ಸರದಿ ಬರುವಷ್ಟರಲ್ಲಿ ಆ ಹುಡುಗರೇ ಅನ್ನ, ಹುಳಿ, ಪಲ್ಯ ಹೊತ್ತಿಗೆ ಸರಿಯಾಗಿ ಇಳಿಸಿದರು. ಚರಂಡಿ ತೋಡಿದ ಹುಡುಗಿಯರನ್ನು ನೋಡಿ ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಮೇಷ್ಟ್ರೇ, ಹೆಣ್ಮಕ್ಳ ಕೈಲಿ ಇದೆಲ್ಲ ಯಾಕೆ ಮಾಡಿಸ್ತೀರಿ" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಗುದ್ದಲಿ ಹಿಡಿದಿದ್ದ ಹುಡುಗಿ, "ತಾತ, ನಮ್ಮನೇಲಿ ಕಬ್ಬಿನ ಗದ್ದೆಗೆ ನೀರು ಕಟ್ಟೋದೇ ನಾನು" ಅಂದಳು. ಹಿರಿಯರು ನಕ್ಕರು. ಮಾರನೇ ದಿನ ಒಂದು ಹಾರೆ ತಂದುಕೊಟ್ಟರು.

ಆ ಶಿಬಿರಕ್ಕೆ ಸ್ಕಾಲರ್‌ಶಿಪ್ ಕಳೆದುಕೊಂಡು ಹುಡುಕಿಕೊಂಡ ಹುಡುಗಿಯೂ ಬಂದಿದ್ದಳು. ಸಮೀಕ್ಷೆಗೆ ಮನೆಮನೆಗೆ ಹೋದಾಗ ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ಅಂದರಂತೆ. ಜೊತೆಯಲ್ಲಿದ್ದವರು ಫಾರಮ್ಮಿನಲ್ಲಿ 'ಪಿಂಚಣಿ ಇಲ್ಲ' ಅಂತ ಟಿಕ್ ಮಾಡಿ ಮುಂದಿನ ಮನೆಗೆ ಹೊರಟರು. ಇವಳು ಅಲ್ಲೇ ಕೂತಳು. ಅಜ್ಜಿ, ಇತ್ತೀಚೆಗೆ ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ರಾ ಅಂತ ಕೇಳಿದಳು. ಹೌದು, ಮೊಮ್ಮಗ ಯಾವುದೋ ಮೇಳಕ್ಕೆ ಕರೆದುಕೊಂಡು ಹೋಗಿ ಹೊಸ ಅಕೌಂಟ್ ಮಾಡಿಸಿದ್ದ. ಮೊಮ್ಮಗನ ಫೋನಿನಲ್ಲೇ ನೋಡಿದರು. ದುಡ್ಡು ಹೊಸ ಅಕೌಂಟಿನಲ್ಲಿ ತಿಂಗಳು ತಿಂಗಳು ಬಂದು ಬಿದ್ದಿತ್ತು. ಸಂಜೆ ವರದಿ ಹೇಳುವಾಗ ಅವಳು ಇದನ್ನು ಹೆಚ್ಚು ಹೇಳಲಿಲ್ಲ, ಆ ಬೀದಿಯಲ್ಲಿ ಇನ್ನೂ ಯಾರಿಗೆಲ್ಲ ಹೀಗಾಗಿರಬಹುದು, ನಾಳೆ ಕೇಳೋಣ ಅಂದಳು, ಅಷ್ಟೇ. ಮಾರನೇ ದಿನ ಅವಳ ತಂಡ ಫಾರಮ್ಮಿಗೆ ಪೆನ್ನಿನಲ್ಲಿ ಒಂದು ಕಾಲಂ ಸೇರಿಸಿಕೊಂಡಿತು. ಅದನ್ನು ಸೇರಿಸಿ ಅಂತ ನಾನು ಹೇಳಿರಲಿಲ್ಲ.

ದುಡ್ಡು ಮುಟ್ಟಬೇಡ ಅಂದರೆ

ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಹಾಳಾಗುತ್ತಾರೆ ಅನ್ನುವ ಭಯ ನಮಗಿದೆ. ಅವರ ಕೈಗೆ ದುಡ್ಡು ಆಗಲೇ ಬಂದಾಗಿದೆ. ಪ್ರತಿ ಫೋನಿನಲ್ಲಿ ಯುಪಿಐ ಇದೆ. ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ಅದನ್ನ ನಾನು ಹೇಳಿದ ಕಡೆ ಕಳಿಸು, ಕಮಿಷನ್ ಇಟ್ಕೋ ಅಂತ ಹಾಸ್ಟೆಲ್ ಹುಡುಗರನ್ನು ಹಿಡಿಯುವವರಿದ್ದಾರೆ. ಆ ದುಡ್ಡು ಯಾರದೋ ಮೋಸ ಹೋದವರದು. ಪೊಲೀಸರು ಮೊದಲು ಬರುವುದು ಅಕೌಂಟ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಇದನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಬಾಡಿಗೆಗೆ ಕೊಡಬೇಡಿ. ಮೋಸ ಆಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ತಡೆಯುವುದು ಕಷ್ಟ. ಹೇಳುವುದು ನನ್ನ ಕರ್ತವ್ಯ. ಆದರೆ ಬೇರೆಯವರ ದುಡ್ಡಿಗೆ ಬಿಲ್ಲು ಇಟ್ಟು, ಲೆಕ್ಕ ಬರೆದು, ಎಲ್ಲರ ಮುಂದೆ ಓದಿದ ಹುಡುಗನಿಗೆ ಇಂಥ ಕರೆ ಬಂದಾಗ ಈ ದುಡ್ಡು ಯಾರದು, ಯಾಕೆ ಬಂತು ಅನ್ನುವ ಪ್ರಶ್ನೆ ತಾನಾಗಿಯೇ ಏಳುತ್ತದೆ ಅನ್ನುವುದು ನನ್ನ ನಂಬಿಕೆ.

ಹಾಗಾಗಿ ಈ ಸಲದ ಸ್ಟಾಫ್ ಮೀಟಿಂಗಿನಲ್ಲಿ ಕಾಲೇಜ್ ಡೇ ಲೆಕ್ಕ ಮಕ್ಕಳಿಗೆ ಕೊಡೋಣ ಅಂತ ಕೇಳಿದೆ. ಇಷ್ಟು ವರ್ಷ ಶಾಮಿಯಾನದಿಂದ ಹಿಡಿದು ಬಹುಮಾನದ ಕಪ್ಪಿನವರೆಗೆ ನಾವೇ ಆರ್ಡರ್ ಕೊಟ್ಟು, ಮಕ್ಕಳಿಗೆ ವಾಲಂಟಿಯರ್ ಬ್ಯಾಡ್ಜ್ ಹಾಕಿ ಕುರ್ಚಿ ಜೋಡಿಸಲು ನಿಲ್ಲಿಸುತ್ತಿದ್ದೆವು. ಆಡಿಟ್‌ನಲ್ಲಿ ಆಕ್ಷೇಪಣೆ ಬಂದರೆ ಯಾರು ಉತ್ತರ ಕೊಡುತ್ತಾರೆ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಹಿ ನಮ್ಮದೇ ಇರಲಿ, ಖರ್ಚಿನ ತೀರ್ಮಾನ ಅವರದಿರಲಿ, ಪ್ರತಿ ಬಿಲ್ಲಿನ ಜೆರಾಕ್ಸ್ ನೋಟಿಸ್ ಬೋರ್ಡಿಗೆ ಹಾಕೋಣ ಅಂದೆ. ಪರೀಕ್ಷೆ ಹತ್ತಿರ ಇರುವಾಗ ಇದೆಲ್ಲ ಯಾಕೆ ಅಂದವರೂ ಇದ್ದರು. ಪ್ರಿನ್ಸಿಪಾಲರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ವರ್ಷ ಮಾಡಿ ನೋಡಿ ಅಂದರು.

ಕಮಿಟಿ ಆಗಿದೆ. ನಾವು ಹೆಸರು ಹೇಳಲಿಲ್ಲ, ಪ್ರತಿ ಕ್ಲಾಸಿನವರು ಚೀಟಿ ಹಾಕಿ ಆರಿಸಿದರು. ಖಜಾಂಚಿ ಆಗಿರುವುದು ಅಮ್ಮನ ಸಂಘದ ಪುಸ್ತಕ ಬರೆಯುವ ಒಬ್ಬ ಹುಡುಗಿ. ಮೊದಲ ಮೀಟಿಂಗಿನಲ್ಲೇ ಊಟಕ್ಕೆ ಎಷ್ಟು, ಸೌಂಡ್ ಸಿಸ್ಟಮ್ಮಿಗೆ ಎಷ್ಟು ಅಂತ ಜಗಳ ಶುರುವಾಗಿದೆ. ಡಿಜೆ ಬೇಕೇ ಬೇಕು ಅನ್ನುವವರು ಒಂದು ಕಡೆ, ಆ ದುಡ್ಡಿನಲ್ಲಿ ಎಲ್ಲರಿಗೂ ಹೋಳಿಗೆ ಊಟ ಹಾಕಬಹುದು ಅನ್ನುವವರು ಇನ್ನೊಂದು ಕಡೆ. ನನ್ನನ್ನು ಕೇಳಲು ಬಂದರು. ನೀವೇ ತೀರ್ಮಾನ ಮಾಡಿ, ಮೂರು ಕಡೆ ಕೊಟೇಶನ್ ತನ್ನಿ ಅಂತ ವಾಪಸ್ ಕಳಿಸಿದ್ದೇನೆ. ಸೋಮವಾರ ಶಾಮಿಯಾನದವರ ಹತ್ರ ಹೋಗುತ್ತಾರಂತೆ.